ಜಾಕಿ ಪಂಗ್ ಅವರ 298 ಎಲ್ಲಿ ಹೋಯಿತು? ಗಾಲ್ಫ್ ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಗೆ,
ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಮತ್ತು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿರುವ ಆರ್ ಅಂಡ್ ಎ ಸಂಸ್ಥೆಯ ಪದಾಧಿಕಾರಿಗಳಿಗೆ

ಮಾನ್ಯರೇ,

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಗಾಲ್ಫ್ ಆಡಿದವನಲ್ಲ. ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿದೂ ಗೊತ್ತಿಲ್ಲ. ನಾನು ಮೈಸೂರಿನ ಒಬ್ಬ ನಿವೃತ್ತ ಬ್ಯಾಂಕ್ ಗುಮಾಸ್ತ. 34 ವರ್ಷ ಲೆಡ್ಜರ್, ಚಲನ್, ಪಾಸ್‌ಬುಕ್ ಅಂತ ಅಂಕಿಗಳ ನಡುವೆಯೇ ಕಳೆದವನು. ಗಾಲ್ಫ್ ಬಗ್ಗೆ ಮಾತಾಡಲು ನನಗೆ ಇರುವ ಅರ್ಹತೆ ಅಷ್ಟೇ. ಆದರೆ ನಾನು ಹೇಳಬೇಕಾಗಿರುವುದೂ ಅಂಕಿ ಬರೆಯುವ ವಿಷಯವೇ. ಹಾಗಾಗಿ ಸ್ವಲ್ಪ ಧೈರ್ಯ ಮಾಡಿದ್ದೇನೆ.

2021ರ ಆಗಸ್ಟ್ 7, ಶನಿವಾರ. ನಸುಕಿನಲ್ಲೇ ಮೊಮ್ಮಗಳು ಬಂದು ಎಬ್ಬಿಸಿದಳು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಹತ್ತಿರ ಇದ್ದಾಳೆ, ಏಳು ತಾತ ಅಂತ. ಮನೆಯವರೆಲ್ಲ ಕಾಫಿ ಲೋಟ ಹಿಡಿದು ಟಿವಿ ಮುಂದೆ ಕೂತೆವು. ಪಾರ್ ಅಂದರೇನು, ಬರ್ಡಿ ಅಂದರೇನು, ಒಬ್ಬರಿಗೂ ಗೊತ್ತಿರಲಿಲ್ಲ. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದ ಹಾಗೆ ಅಂತ ಮೊಮ್ಮಗಳು ಹೇಳಿಕೊಟ್ಟಳು. ನಾಲ್ಕು ದಿನ, 72 ಹೋಲ್, ಅದಿತಿಯ ಲೆಕ್ಕ 269 ಹೊಡೆತ. 268 ಆಗಿದ್ದರೆ ಪದಕಕ್ಕೆ ಪ್ಲೇಆಫ್, ಅಂದರೆ ಸಮ ಬಂದವರ ನಡುವಿನ ತೀರ್ಮಾನದ ಆಟ, ಆಡುತ್ತಿದ್ದಳು. ಒಂದೇ ಒಂದು ಹೊಡೆತ! ನಾಲ್ಕನೇ ಸ್ಥಾನ. ಅವತ್ತು ತಿಂಡಿ ಯಾರಿಗೂ ರುಚಿಸಲಿಲ್ಲ.

ಆವತ್ತಿನಿಂದ ಆ 'ಒಂದು ಹೊಡೆತ' ಅನ್ನುವುದು ನನ್ನ ತಲೆಯಲ್ಲಿ ಹುಳದ ಹಾಗೆ ಕೊರೆಯತೊಡಗಿತು. ಹಳೆಯ ಪಂದ್ಯಗಳ ಕಥೆ ಹುಡುಕಿ ಓದಿದೆ. ಹಾಗೆ ಓದುತ್ತಾ ಹೋದಾಗ 1957ಕ್ಕೆ ಬಂದು ನಿಂತುಬಿಟ್ಟೆ. ಅಲ್ಲಿ ಒಬ್ಬ ಹೆಂಗಸು ಒಂದು ಹೊಡೆತದಿಂದ ಗೆದ್ದಿದ್ದಳು. ಆಮೇಲೆ ಒಂದು ಅಂಕಿಯಿಂದ ಎಲ್ಲವನ್ನೂ ಕಳೆದುಕೊಂಡಳು.

ನಿಮಗೆ ಈ ಕಥೆ ಗೊತ್ತಿರುತ್ತದೆ. ಕನ್ನಡದ ಓದುಗರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನೀವೂ ಇನ್ನೊಮ್ಮೆ ಓದಿ, ನಷ್ಟವಿಲ್ಲ.

ಜಾಕಿ ಪಂಗ್ ಹವಾಯಿಯವರು. ಹೊನೊಲುಲುವಿನಲ್ಲಿ 1921ರಲ್ಲಿ ಹುಟ್ಟಿದವರು. ಹವಾಯಿ ಅಮೆರಿಕದ ರಾಜ್ಯವಾಗಿದ್ದು 1959ರಲ್ಲಿ. ಅಂದರೆ ನಾನು ಹೇಳುವ ಕಥೆ ನಡೆದಾಗ ಅದಿನ್ನೂ ರಾಜ್ಯವೂ ಆಗಿರಲಿಲ್ಲ, ದೂರದ ಒಂದು ದ್ವೀಪ ಪ್ರದೇಶ. ಅಲ್ಲಿಂದ ಬಂದು 1952ರಲ್ಲಿ ಅಮೆರಿಕದ ಹವ್ಯಾಸಿ ಮಹಿಳೆಯರ ಚಾಂಪಿಯನ್ ಆದರು. ಪೋರ್ಟ್‌ಲ್ಯಾಂಡ್‌ನಲ್ಲಿ ಬಹುಮಾನ ಕೊಡುವಾಗ ಖುಷಿಗೆ ಹುಲಾ ನೃತ್ಯ ಮಾಡಿದರಂತೆ. ದಪ್ಪ ಮೈ, ಅಗಲ ನಗು, ಜನರಿಗೆ ಅಚ್ಚುಮೆಚ್ಚು. ಮರುವರ್ಷವೇ ವೃತ್ತಿಪರ ಆಟಕ್ಕೆ ಇಳಿದರು.

ಆ 1953ರಲ್ಲೇ ಅಮೆರಿಕದ ಮಹಿಳೆಯರ ಓಪನ್ ಪಂದ್ಯಾವಳಿಯನ್ನು ಯುಎಸ್‌ಜಿಎ ಮೊದಲ ಸಲ ವಹಿಸಿಕೊಂಡಿತು. ರಾಚೆಸ್ಟರ್‌ನಲ್ಲಿ ಆಟ. ಪಂಗ್ ಮತ್ತು ಬೆಟ್ಸಿ ರಾಲ್ಸ್ ಸಮ ಸಮ ಬಂದು ಪ್ಲೇಆಫ್ ಆಡಿದರು. ರಾಲ್ಸ್ 71, ಪಂಗ್ 77. ಪಂಗ್ ಸೋತರು. ಅದು ನೇರ ಸೋಲು, ಅದರ ಬಗ್ಗೆ ಯಾರ ತಕರಾರೂ ಇಲ್ಲ.

ನಾಲ್ಕು ವರ್ಷ ಕಳೆದು ಅವರಿಬ್ಬರೇ ಮತ್ತೆ ಎದುರುಬದುರು. 1957ರ ಜೂನ್ ಕೊನೆ, ನ್ಯೂಯಾರ್ಕ್ ರಾಜ್ಯದ ಮಾಮರೊನೆಕ್‌ನಲ್ಲಿರುವ ವಿಂಗ್ಡ್ ಫುಟ್ ಕ್ಲಬ್, ಅದರ ಈಸ್ಟ್ ಕೋರ್ಸ್. ಕೊನೆಯ ಸುತ್ತಿನಲ್ಲಿ ಪಂಗ್ 72 ಹೊಡೆದರು. ಒಟ್ಟು 298. ರಾಲ್ಸ್ 299. ಹಳೆಯ ಬಾಕಿ ಒಂದೇ ಹೊಡೆತದಲ್ಲಿ ತೀರಿತ್ತು. ಜನ ಕೈಕುಲುಕಿದರು, ಅಭಿನಂದಿಸಿದರು. ಮಗಳೂ ಅಲ್ಲೇ ಇದ್ದಳು.

ಆಮೇಲೆ ಯಾರೋ ಕಾರ್ಡ್ ನೋಡಿದರು.

ಇಲ್ಲಿ ನಮ್ಮ ಓದುಗರಿಗೆ ಒಂದು ಮಾತು ಹೇಳಬೇಕು. ಗಾಲ್ಫ್‌ನಲ್ಲಿ ಕ್ರಿಕೆಟ್ಟಿನ ಹಾಗೆ ಬೇರೆ ಸ್ಕೋರರ್ ಕೂತು ಬರೆಯುವುದಿಲ್ಲ. ಜೊತೆಗೆ ಆಡುವವರೇ ನಿಮ್ಮ ಕಾರ್ಡ್ ಬರೆಯಬೇಕು, ನೀವು ಅವರದ್ದು. ಬರೆಯುವವರಿಗೆ ಮಾರ್ಕರ್ ಅಂತಾರೆ. ಸುತ್ತು ಮುಗಿದ ಮೇಲೆ ನಿಮ್ಮ ಕಾರ್ಡ್ ನಿಮ್ಮ ಕೈಗೆ ಬರುತ್ತದೆ. 18 ಹೋಲಿನ ಅಂಕಿಗಳನ್ನು ಒಂದೊಂದಾಗಿ ನೋಡಿ, ಸರಿ ಇದೆ ಅಂತ ಸಹಿ ಹಾಕಿ ಕೊಡಬೇಕು. ಸಹಿ ಹಾಕಿ ಕೊಟ್ಟ ಮೇಲೆ ಮುಗೀತು. ಅಲ್ಲಿಂದಾಚೆ ಕಾರ್ಡ್‌ನಲ್ಲಿ ಇರುವುದೇ ಸತ್ಯ, ಮೈದಾನದಲ್ಲಿ ನಡೆದದ್ದಲ್ಲ.

ಪಂಗ್ ಅವರ ಕಾರ್ಡ್ ಬರೆದವರು ಬೆಟ್ಟಿ ಜೇಮ್ಸನ್. ಸಾಮಾನ್ಯದವರಲ್ಲ. 1947ರಲ್ಲಿ ಇದೇ ಓಪನ್ ಗೆದ್ದವರು, 72 ಹೋಲ್‌ಗಳನ್ನು 300ರ ಒಳಗೆ ಮುಗಿಸಿದ ಮೊದಲ ಮಹಿಳೆ, ವೃತ್ತಿಪರ ಮಹಿಳೆಯರ ಸಂಘ ಕಟ್ಟಿದ 13 ಮಂದಿಯಲ್ಲಿ ಒಬ್ಬರು. ಆ ದಿನ ನಾಲ್ಕನೇ ಹೋಲಿನಲ್ಲಿ ಇಬ್ಬರೂ 6 ಹೊಡೆತ ತೆಗೆದುಕೊಂಡಿದ್ದರು. ಜೇಮ್ಸನ್ ಪಂಗ್‌ಗೆ 5 ಅಂತ ಬರೆದರು. ಪಂಗ್ ಜೇಮ್ಸನ್‌ಗೆ 5 ಅಂತ ಬರೆದರು. ಒಂದೇ ಹೋಲ್, ಒಂದೇ ತಪ್ಪು, ಎರಡೂ ಕಾರ್ಡ್‌ನಲ್ಲಿ! ಇದನ್ನು ಮೊದಲು ಓದಿದಾಗ ನಾನು ನಂಬಲಿಲ್ಲ. ಆ ಹೋಲಿನಲ್ಲಿ ಇಬ್ಬರ ಮನಸ್ಸೂ ಎಲ್ಲಿತ್ತೋ.

ಆದರೆ ಕೆಳಗೆ ಬರೆದ ಒಟ್ಟು ಮೊತ್ತ 72 ಇತ್ತಲ್ಲ, ಅದು ಸರಿಯಾಗಿತ್ತು. ಪಂಗ್ 71 ಅಂತ ಎಲ್ಲೂ ಹೇಳಿಕೊಂಡಿಲ್ಲ. ಕಾರ್ಡ್ ಕೊಟ್ಟಾಗ ತನ್ನ ಮೊತ್ತ 72 ಅಂತಲೇ ಕೊಟ್ಟರು. ನಾಲ್ಕನೇ ಚೌಕದಲ್ಲಿ ಮಾತ್ರ 6 ಇರಬೇಕಾದ ಕಡೆ 5 ಇತ್ತು.

ತೀರ್ಪು ಏನು? ಪಂಗ್ ಅನರ್ಹ. ಜೇಮ್ಸನ್ ಕೂಡ ಅನರ್ಹ. ಬೆಟ್ಸಿ ರಾಲ್ಸ್ ಚಾಂಪಿಯನ್.

ಮಾನ್ಯರೇ, ನಿಮ್ಮ ಪುಸ್ತಕದ ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಕೂಡಿಸುವುದು ಆಟಗಾರರ ಹೊಣೆ ಅಲ್ಲ ಅಂತ ನಿಮ್ಮ ನಿಯಮವೇ ಹೇಳುತ್ತದೆ. ಅದು ಸಮಿತಿಯ ಕೆಲಸ. ಒಂದೊಂದು ಹೋಲಿನ ಅಂಕಿ ಸರಿ ಇದ್ದು ಮೊತ್ತ ತಪ್ಪಾಗಿದ್ದರೆ ಆಟಗಾರರಿಗೆ ಏನೂ ಆಗುವುದಿಲ್ಲ, ಸಮಿತಿ ತಿದ್ದಿಕೊಳ್ಳುತ್ತದೆ. ಮೊತ್ತ ಸರಿ ಇದ್ದು ಒಂದು ಹೋಲಿನ ಅಂಕಿ ಕಡಿಮೆ ಬಿದ್ದಿದ್ದರೆ? ಗೇಟ್ ಹೊರಗೆ. ಯಾವ ಅಂಕಿಯಿಂದ ಪಂದ್ಯ ತೀರ್ಮಾನವಾಗುತ್ತದೋ ಆ ಅಂಕಿಯನ್ನು ಪಂಗ್ ಸರಿಯಾಗಿ ಕೊಟ್ಟಿದ್ದರು. ಅದು ಲೆಕ್ಕಕ್ಕೇ ಬರಲಿಲ್ಲ.

ನಮ್ಮ ಬ್ಯಾಂಕಿನಲ್ಲಿ ನಾನು ಸೇರಿದ ಹೊಸದರಲ್ಲಿ ಎಲ್ಲವೂ ಕೈಬರಹ. ಹಿರಿಯ ಗುಮಾಸ್ತರೊಬ್ಬರು ಮೊದಲ ದಿನವೇ ಹೇಳಿಕೊಟ್ಟ ಪಾಠ ಇದು: ಲೆಡ್ಜರ್‌ನಲ್ಲಿ ತಪ್ಪಿದರೆ ಕೆರೆದು ಅಳಿಸಬೇಡ. ತಪ್ಪು ಅಂಕಿ ಕಾಣುವ ಹಾಗೆ ಅದರ ಮೇಲೆ ಒಂದು ಗೀಟು ಎಳೆ, ಮೇಲೆ ಸರಿ ಅಂಕಿ ಬರೆ, ಪಕ್ಕದಲ್ಲಿ ಚಿಕ್ಕ ಸಹಿ ಹಾಕು. ಎಷ್ಟು ಗೀಟು ಎಳೆದಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಒಬ್ಬ ಹಾಲಿನ ವ್ಯಾಪಾರಿಯ ಪಾಸ್‌ಬುಕ್‌ನಲ್ಲಿ ನಾನು ಆರುನೂರರ ಜಾಗದಲ್ಲಿ ಐನೂರು ಬರೆದೆ. ಪಕ್ಕದ ಬಾಕಿ ಮೊತ್ತ ಮಾತ್ರ ಸರಿ ಇತ್ತು. ಅವನು ನೋಡಿ ನಕ್ಕ, ನಾನು ತಿದ್ದಿ ಸಹಿ ಹಾಕಿದೆ. ಅವನ ಖಾತೆ ಮುಚ್ಚಲಿಲ್ಲ, ನನ್ನ ಕೆಲಸವೂ ಹೋಗಲಿಲ್ಲ. ಮ್ಯಾನೇಜರ್ ಕೈಲಿ ನಾಲ್ಕು ಮಾತು ಕೇಳಿದೆ, ಅದು ಬೇರೆ.

ಹಾಗಂತ ನಿಮ್ಮ ಕಡೆಯ ನ್ಯಾಯ ನನಗೆ ಅರ್ಥವಾಗುವುದಿಲ್ಲ ಅಂತಲ್ಲ. ಇಡೀ ಆಟ ನಿಂತಿರುವುದೇ ಆಟಗಾರರ ಮಾತಿನ ಮೇಲೆ. ಪೊದೆಯ ಹಿಂದೆ ಚೆಂಡು ಒಂದಿಷ್ಟು ಅಲುಗಾಡಿದ್ದನ್ನು ನೋಡಿದವರು ಯಾರೂ ಇರುವುದಿಲ್ಲ, ಆಡಿದವರೇ ಹೇಳಬೇಕು. 1925ರ ಅಮೆರಿಕನ್ ಓಪನ್‌ನಲ್ಲಿ ಬಾಬಿ ಜೋನ್ಸ್ ಹಾಗೇ ಮಾಡಿದರು. ಚೆಂಡು ಅಲುಗಾಡಿತು ಅಂತ ತಮ್ಮ ಮೇಲೆ ತಾವೇ ಒಂದು ಹೊಡೆತದ ದಂಡ ಹಾಕಿಕೊಂಡರು, ಕಡೆಗೆ ಪ್ಲೇಆಫ್‌ನಲ್ಲಿ ಸೋತರು. ಜನ ಹೊಗಳಿದ್ದಕ್ಕೆ, ಬ್ಯಾಂಕ್ ದರೋಡೆ ಮಾಡಲಿಲ್ಲ ಅಂತ ಒಬ್ಬನನ್ನು ಹೊಗಳಿದ ಹಾಗಾಯಿತು ಅಂದರಂತೆ. ಬ್ಯಾಂಕಿನವನಾದ ನನಗೆ ಈ ಮಾತು ಬಹಳ ಹಿಡಿಸಿತು. ಇಂಥ ಆಟದಲ್ಲಿ ಸಹಿಗೆ ಬೆಲೆ ಇರಲೇಬೇಕು. ಕಾರ್ಡ್ ನೋಡದೆ ಸಹಿ ಹಾಕುವುದು ತಪ್ಪೇ. ಅದಕ್ಕೆ ದಂಡ ಇರಲಿ ಅನ್ನುವವನೇ ನಾನು.

ನನ್ನ ಜಗಳ ದಂಡದ ಅಳತೆಯ ಬಗ್ಗೆ. ಮೋಸ ಮಾಡಿದವರಿಗೂ, ಆಯಾಸದಲ್ಲಿ ಒಂದು ಚೌಕ ಕಣ್ತಪ್ಪಿದವರಿಗೂ ಒಂದೇ ಶಿಕ್ಷೆ ಅಲ್ವಾ ಇದು? ಹೊರಗೆ ಹಾಕುವುದಕ್ಕಿಂತ ದೊಡ್ಡ ಶಿಕ್ಷೆ ನಿಮ್ಮ ಪುಸ್ತಕದಲ್ಲಿ ಇನ್ನೊಂದಿಲ್ಲ.

ವಿಂಗ್ಡ್ ಫುಟ್‌ನಲ್ಲಿ ಅವತ್ತು ಇದ್ದ ಜನರಿಗೆ ಇದು ಅಲ್ಲೇ ಗೊತ್ತಾಯಿತು. ಕ್ಲಬ್ಬಿನ ಸದಸ್ಯರು, ಆಟ ನೋಡಲು ಬಂದವರು ಸೇರಿ ಪಂಗ್‌ಗಾಗಿ ಚಂದಾ ಎತ್ತಿದರು. ಸುಮಾರು 3,000 ಡಾಲರ್ ಕೂಡಿತು. ಗೆದ್ದವರಿಗೆ ಸಿಕ್ಕ ಬಹುಮಾನ 1,800 ಡಾಲರ್. ಅನರ್ಹಗೊಂಡ ಆಟಗಾರ್ತಿ ಚಾಂಪಿಯನ್‌ಗಿಂತ ಜಾಸ್ತಿ ಹಣ ತೆಗೆದುಕೊಂಡು ಹೋದ ಪಂದ್ಯಾವಳಿ ಇನ್ನೊಂದಿದೆಯೇ?

ಈಗ ದಾಖಲೆಗೆ ಬರುತ್ತೇನೆ. ಗುಮಾಸ್ತನಿಗೆ ನೋವಾಗುವುದು ಇಲ್ಲೇ. 1957ರ ಮಹಿಳೆಯರ ಓಪನ್ ಫಲಿತಾಂಶ ತೆಗೆದು ನೋಡಿದರೆ ಹೀಗಿದೆ: ಬೆಟ್ಸಿ ರಾಲ್ಸ್ 299. ಎರಡನೇ ಸ್ಥಾನ ಪ್ಯಾಟಿ ಬರ್ಗ್, 305. ಅಂತರ ಆರು ಹೊಡೆತ. ಆರು! ಇನ್ನು ನೂರು ವರ್ಷ ಕಳೆದು ಈ ಸಾಲು ಓದುವ ಮಗು ಏನು ತಿಳಿದುಕೊಳ್ಳುತ್ತದೆ? ರಾಲ್ಸ್ ಎಲ್ಲರನ್ನೂ ಹಿಂದೆ ಬಿಟ್ಟು ನಿರಾಯಾಸವಾಗಿ ಗೆದ್ದರು ಅಂತ ತಾನೇ? ಕೊನೆಯ ಹೋಲಿನ ತನಕ ಉಸಿರು ಬಿಗಿಹಿಡಿದು ನೋಡಿದ ಪಂದ್ಯ ಅದು. ಒಂದು ಅಂಕಿ ತಪ್ಪಾಗಿತ್ತು ಅಂತ ಕಾರ್ಡ್ ತಳ್ಳಿಹಾಕಿದಿರಿ. ಅದರ ಫಲವಾಗಿ ನಿಮ್ಮ ದಾಖಲೆಯಲ್ಲಿ ಇಡೀ ಪಂದ್ಯವೇ ತಪ್ಪಾಗಿ ಕೂತಿದೆ.

ಬೆಟ್ಸಿ ರಾಲ್ಸ್ ಬಗ್ಗೆ ನನಗೆ ಗೌರವ ಬಿಟ್ಟರೆ ಬೇರೇನೂ ಇಲ್ಲ. ಅವರು ಯಾವ ತಪ್ಪೂ ಮಾಡಲಿಲ್ಲ. ಟೆಕ್ಸಸ್‌ನಲ್ಲಿ ಭೌತಶಾಸ್ತ್ರ ಓದಿದ ಹೆಣ್ಣುಮಗಳು, ನಾಲ್ಕು ಸಲ ಓಪನ್ ಗೆದ್ದವರು, ಒಟ್ಟು 55 ಪಂದ್ಯಾವಳಿ. ಮುಂದೆ ಮಹಿಳೆಯರ ಸಂಘದ ಪಂದ್ಯಾವಳಿ ನಿರ್ದೇಶಕಿಯಾದರು. ಪುರುಷರ ಅಮೆರಿಕನ್ ಓಪನ್‌ನ ನಿಯಮ ಸಮಿತಿಯಲ್ಲಿ ಕೂತ ಮೊದಲ ಮಹಿಳೆಯೂ ಅವರೇ, 1980ರಲ್ಲಿ. ನೋಡಿ ಹೇಗಿದೆ. ನಿಯಮ ಯಾರ ಕೈಗೆ ಟ್ರೋಫಿ ಕೊಟ್ಟಿತೋ ಅವರೇ ಕಡೆಗೆ ನಿಯಮದ ಮೇಜಿನ ಹಿಂದೆ ಕೂತರು. ಪಂಗ್ ಹವಾಯಿಗೆ ಮರಳಿ ಎಷ್ಟೋ ವರ್ಷ ಗಾಲ್ಫ್ ಕಲಿಸಿದರು. ಮಹಿಳೆಯರ ಓಪನ್ ಅವರಿಗೆ ಕೊನೆಗೂ ದಕ್ಕಲಿಲ್ಲ. ಪಂಗ್ 2017ರಲ್ಲಿ ತೀರಿಕೊಂಡರು, ರಾಲ್ಸ್ 2023ರಲ್ಲಿ. ಇಬ್ಬರಿಗೂ 95 ವರ್ಷವಾಗಿತ್ತು.

ಹನ್ನೊಂದು ವರ್ಷದ ಮೇಲೆ ಇದೇ ನಿಯಮ ಇನ್ನೊಬ್ಬರನ್ನು ಹಿಡಿಯಿತು. ಆ ಕಥೆಯೇ ಜಾಸ್ತಿ ಪ್ರಸಿದ್ಧ, ಯಾಕೆಂದರೆ ಅದು ಗಂಡಸರ ಪಂದ್ಯ, ಜೊತೆಗೆ ಟಿವಿಯಲ್ಲಿ ಬಂದಿತ್ತು. 1968ರ ಏಪ್ರಿಲ್ 14, ಅಗಸ್ಟಾದಲ್ಲಿ ಮಾಸ್ಟರ್ಸ್ ಪಂದ್ಯಾವಳಿಯ ಕೊನೆಯ ದಿನ. ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊಗೆ ಅವತ್ತು 45ನೇ ಹುಟ್ಟುಹಬ್ಬ. ಹಿಂದಿನ ವರ್ಷವಷ್ಟೇ ಬ್ರಿಟಿಷ್ ಓಪನ್ ಗೆದ್ದಿದ್ದರು. ಮೊದಲ ಹೋಲನ್ನು ಎರಡೇ ಹೊಡೆತದಲ್ಲಿ ಮುಗಿಸಿದರು. ಜನ ಹುಟ್ಟುಹಬ್ಬದ ಹಾಡು ಹಾಡಿದರು. 17ನೇ ಹೋಲಿನಲ್ಲಿ 3 ಹೊಡೆತ, ಬರ್ಡಿ, ಅಂದರೆ ನಿಗದಿಗಿಂತ ಒಂದು ಕಡಿಮೆ. ಟಿವಿ ಮುಂದೆ ಕೂತವರೆಲ್ಲ ಅದನ್ನು ಕಣ್ಣಾರೆ ಕಂಡರು. 18ರಲ್ಲಿ ಒಂದು ಹೊಡೆತ ಹೆಚ್ಚಾಯಿತು. ಆ ಬೇಜಾರಿನಲ್ಲಿ ಕಾರ್ಡ್ ಸರಿಯಾಗಿ ನೋಡದೆ ಸಹಿ ಹಾಕಿಬಿಟ್ಟರು.

ಅವರ ಕಾರ್ಡ್ ಬರೆದಿದ್ದ ಟಾಮಿ ಆರನ್ 17ನೇ ಹೋಲಿಗೆ 3ರ ಬದಲು 4 ಅಂತ ಹಾಕಿದ್ದರು. 65 ಆಗಬೇಕಾದ ಸುತ್ತು 66 ಆಯಿತು. ಜಾಸ್ತಿ ಬರೆದಿದ್ದರೆ ಅನರ್ಹ ಅಲ್ಲ, ಬರೆದದ್ದೇ ಖಾಯಂ. ಹಾಗಾಗಿ 277 ಅಲ್ಲ, 278. ಬಾಬ್ ಗೋಲ್ಬಿ 277. ಮರುದಿನ ಆಡಬೇಕಿದ್ದ ಪ್ಲೇಆಫ್ ನಡೆಯಲೇ ಇಲ್ಲ. ಮಾಸ್ಟರ್ಸ್ ಶುರು ಮಾಡಿದವರೇ ಆದ, ಆರೋಗ್ಯ ಕೆಟ್ಟು ಕೋಣೆಯಲ್ಲಿದ್ದ ಬಾಬಿ ಜೋನ್ಸ್ ಹತ್ತಿರವೂ ಹೋಗಿ ಕೇಳಿದರು. ದಾರಿ ಕಾಣಲಿಲ್ಲ. ಡಿ ವಿಸೆಂಜೊ ಯಾರನ್ನೂ ದೂರಲಿಲ್ಲ. ತಮ್ಮ ಒರಟು ಇಂಗ್ಲಿಷ್‌ನಲ್ಲಿ, ನಾನೆಂಥ ದಡ್ಡ ಅಂದರು ಅಷ್ಟೇ.

ಈ ಕಥೆಯಲ್ಲಿ ಜನ ಮರೆಯುವ ಮನುಷ್ಯ ಬಾಬ್ ಗೋಲ್ಬಿ. ಅವರೂ ಕೊನೆಯ ದಿನ 66 ಹೊಡೆದು ನ್ಯಾಯವಾಗಿ 277 ಮಾಡಿದ್ದರು. ಮಾಸ್ಟರ್ಸ್ ಗೆದ್ದವರಿಗೆ ಮನೆಗೆ ಶುಭಾಶಯ ಬರಬೇಕು. ಅವರಿಗೆ ಬೈಗುಳದ ಪತ್ರ ಬಂದವು, ಕದ್ದ ಗೆಲುವು ಅಂತ. ಪ್ಲೇಆಫ್ ಆಡಿಸಿದ್ದರೆ ಗೋಲ್ಬಿಯೇ ಗೆಲ್ಲುತ್ತಿದ್ದರೋ ಏನೋ. ಆ ಅವಕಾಶವನ್ನು ಕಿತ್ತುಕೊಂಡದ್ದು ಡಿ ವಿಸೆಂಜೊ ಒಬ್ಬರಿಂದ ಮಾತ್ರ ಅಲ್ಲ. ಟಾಮಿ ಆರನ್ ಏನಾದರು ಅಂತ ಕೇಳುತ್ತೀರಾ? 1973ರಲ್ಲಿ ಅದೇ ಮಾಸ್ಟರ್ಸ್ ಗೆದ್ದರು. ಆ ಕೊನೆಯ ಸುತ್ತಿನಲ್ಲಿ ಅವರ ಮಾರ್ಕರ್ ಜಾನಿ ಮಿಲ್ಲರ್ 13ನೇ ಹೋಲಿಗೆ 4ರ ಬದಲು 5 ಅಂತ ಬರೆದಿದ್ದರು. ಆರನ್ ಅದನ್ನು ಹಿಡಿದು ತಿದ್ದಿಸಿದರು. ಹಿಡಿಯದೆ ಇರುತ್ತಾರೆಯೇ, ಆ ಮನುಷ್ಯ!

1970ರಲ್ಲಿ ಯುಎಸ್‌ಜಿಎ ಡಿ ವಿಸೆಂಜೊಗೆ ಬಾಬ್ ಜೋನ್ಸ್ ಪ್ರಶಸ್ತಿ ಕೊಟ್ಟಿತು. ಕ್ರೀಡಾ ಮನೋಭಾವಕ್ಕೆ ಕೊಡುವ ನಿಮ್ಮ ಅತಿ ದೊಡ್ಡ ಗೌರವ ಅದು. ಒಳ್ಳೆಯ ಕೆಲಸ. 1996ರಲ್ಲಿ ಬೆಟ್ಸಿ ರಾಲ್ಸ್‌ಗೂ ಕೊಟ್ಟಿರಿ. ಅದೂ ಒಳ್ಳೆಯದೇ. ಆ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ಜಾಕಿ ಪಂಗ್ ಹೆಸರು ಇಲ್ಲ.

ನಿಯಮ ಬದಲಾಯಿಸಲು ಬರುವುದಿಲ್ಲ, ಸಂಪ್ರದಾಯ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ನೀವಿಬ್ಬರೂ ಸೇರಿ ಒಂದೇ ನಿಯಮ ಪುಸ್ತಕ ಮಾಡಿಕೊಂಡದ್ದೇ 1952ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ತಿದ್ದಿದ್ದೀರಿ. ಇದೇ ಕಾರ್ಡ್ ನಿಯಮವನ್ನೂ ತಿದ್ದಿದ್ದೀರಿ. 2016ರಲ್ಲಿ ಒಂದು ವಿನಾಯಿತಿ ತಂದಿರಿ. ಆಟಗಾರರು ತಮಗೆ ಗೊತ್ತೇ ಇಲ್ಲದ ದಂಡವನ್ನು ಕಾರ್ಡ್‌ನಲ್ಲಿ ಸೇರಿಸದೆ ಸಹಿ ಹಾಕಿದ್ದರೆ ಹೊರಗೆ ಹಾಕುವುದು ಬೇಡ, ಆ ದಂಡ ಸೇರಿಸಿ, ತಪ್ಪು ಕಾರ್ಡ್‌ಗೆ ಇನ್ನೆರಡು ಹೊಡೆತ ಹಾಕಿ ಅಂದಿರಿ. ಮಾರನೇ ವರ್ಷವೇ ಕ್ಯಾಲಿಫೋರ್ನಿಯಾದ ಎಎನ್‌ಎ ಇನ್‌ಸ್ಪಿರೇಷನ್ ಅನ್ನುವ ಮಹಿಳೆಯರ ಪಂದ್ಯಾವಳಿಯಲ್ಲಿ ಲೆಕ್ಸಿ ಥಾಮ್ಸನ್ ಮೇಲೆ ಅದನ್ನು ಪ್ರಯೋಗಿಸಿದರು. ಶನಿವಾರ ಚೆಂಡನ್ನು ತುಸು ಆಚೀಚೆ ಇಟ್ಟಿದ್ದನ್ನು ಟಿವಿ ನೋಡುತ್ತಿದ್ದವರೊಬ್ಬರು ಇಮೇಲ್ ಮಾಡಿ ತಿಳಿಸಿದರು. ಭಾನುವಾರ ಆಟದ ಮಧ್ಯೆ ಆಕೆಗೆ ನಾಲ್ಕು ಹೊಡೆತದ ದಂಡ. ಅಳುತ್ತಲೇ ಆಡಿ, ಪ್ಲೇಆಫ್‌ವರೆಗೂ ಹೋಗಿ, ಅಲ್ಲಿ ಸೋತರು. ಜನ ರೇಗಿದರು. 2019ರ ಹೊಸ ಪುಸ್ತಕದಲ್ಲಿ ಆ ಹೆಚ್ಚುವರಿ ಎರಡು ಹೊಡೆತವನ್ನೂ ತೆಗೆದುಬಿಟ್ಟಿರಿ.

ಹಾಗಾದರೆ ಇವತ್ತಿನ ಪರಿಸ್ಥಿತಿ ಏನು? ಗೊತ್ತಿಲ್ಲದೆ ನಿಯಮ ಮುರಿದು, ಅದರಿಂದಾಗಿ ಕಡಿಮೆ ಅಂಕಿಗೆ ಸಹಿ ಹಾಕಿದವರು ಪಂದ್ಯದಲ್ಲಿ ಉಳಿಯುತ್ತಾರೆ. ಯಾವ ನಿಯಮವನ್ನೂ ಮುರಿಯದೆ, ಸುಮ್ನೆ 6 ಇರಬೇಕಾದ ಕಡೆ 5 ಇದ್ದದ್ದನ್ನು ನೋಡದೆ ಸಹಿ ಹಾಕಿದವರು ಹೊರಗೆ ಹೋಗುತ್ತಾರೆ. ನಿಮ್ಮ ನಿಯಮ 3.3ಬಿ ಈಗಲೂ ಹೇಳುವುದು ಇದನ್ನೇ. ನನ್ನ ಲೆಕ್ಕದ ತಲೆಗೆ ಇದು ಹತ್ತುತ್ತಿಲ್ಲ.

ಇದೇನು ಹಳೆಯ ಕಾಲದ ಮಾತೂ ಅಲ್ಲ. 2024ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನ ರಿವಿಯೆರಾದಲ್ಲಿ ಜೋರ್ಡನ್ ಸ್ಪೀತ್ ನಾಲ್ಕನೇ ಹೋಲಿಗೆ 4ರ ಬದಲು 3 ಇದ್ದ ಕಾರ್ಡ್‌ಗೆ ಸಹಿ ಹಾಕಿ ಅನರ್ಹರಾದರು. ಮತ್ತೆ ನಾಲ್ಕನೇ ಹೋಲ್! ಅಲ್ಲಿ ಪ್ರತಿ ಹೊಡೆತವನ್ನೂ ಯಂತ್ರಗಳು ಅಳೆದು ದಾಖಲಿಸುತ್ತವೆ. ಜಗತ್ತಿಗೆಲ್ಲ ಗೊತ್ತಿದ್ದ ಅಂಕಿ ಕಾರ್ಡ್‌ಗೆ ಒಂದಕ್ಕೆ ಗೊತ್ತಿರಲಿಲ್ಲ. ಸ್ಪೀತ್ ತಪ್ಪು ತನ್ನದೇ ಅಂತ ಒಪ್ಪಿಕೊಂಡರು. ಅದೇ ವರ್ಷ ಅಮೆರಿಕದ ವೃತ್ತಿಪರ ಗಂಡಸರ ಪಂದ್ಯಾವಳಿ ನಡೆಸುವ ಪಿಜಿಎ ಟೂರ್‌ನವರು ಕಾರ್ಡ್ ಕೊಟ್ಟು ಹೊರಗೆ ಬಂದ ಮೇಲೂ 15 ನಿಮಿಷದೊಳಗೆ ವಾಪಸ್ ಹೋಗಿ ತಿದ್ದಲು ಅವಕಾಶ ಮಾಡಿದರು. ನನಗೆ ಖುಷಿಯಾಯಿತು. ಆದರೆ ಅದು ಅವರ ಪಂದ್ಯಗಳಿಗೆ ಅವರು ಮಾಡಿಕೊಂಡ ಏರ್ಪಾಟು. ಎಲ್ಲರಿಗೂ ಅನ್ವಯಿಸುವ ಪುಸ್ತಕ ನಿಮ್ಮ ಕೈಯಲ್ಲಿದೆ.

ನಾನು ಕೇಳುವುದು ಎರಡು. ನಿಯಮದ ವಿಷಯ ಮೊದಲು. ಆಟಗಾರರು ಜಾಸ್ತಿ ಅಂಕಿಗೆ ಸಹಿ ಹಾಕಿದ್ದರೆ ಸುಮ್ಮನೆ ತಿದ್ದಿಕೊಳ್ಳಿ. ತಮ್ಮ ಮೇಲೆ ತಾವೇ ಹೊಡೆತ ಹೇರಿಕೊಂಡು ಯಾರೂ ಮೋಸ ಮಾಡುವುದಿಲ್ಲ. ಕಡಿಮೆ ಅಂಕಿಗೆ ಸಹಿ ಹಾಕಿದ್ದರೆ ಸರಿ ಅಂಕಿ ಹಾಕಿ, ಮೇಲೆ ಎರಡು ಹೊಡೆತ ದಂಡ ಸೇರಿಸಿ. ಬೇಕೆಂದೇ ಮಾಡಿದ್ದು ಅಂತ ಸಾಬೀತಾದರೆ ಆಗ ಹೊರಗೆ ಹಾಕಿ, ಯಾರೂ ಬೇಡ ಅನ್ನುವುದಿಲ್ಲ.

ಈಗ ಇದನ್ನು 1957ಕ್ಕೆ ಹಚ್ಚಿ ನೋಡಿ. ಪಂಗ್ 298, ದಂಡ 2, ಒಟ್ಟು 300. ರಾಲ್ಸ್ 299. ಆಗಲೂ ರಾಲ್ಸ್ ಅವರೇ ಚಾಂಪಿಯನ್! ಈ ಲೆಕ್ಕ ಮಾಡಿದ ದಿನ ನಾನು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಪಂಗ್ ಪರವಾಗಿ ವಾದ ಮಾಡಲು ಹೊರಟವನ ಲೆಕ್ಕ ಪಂಗ್‌ಗೆ ಟ್ರೋಫಿ ಕೊಡಲಿಲ್ಲ. ದಂಡವನ್ನು ಒಂದು ಹೊಡೆತಕ್ಕೆ ಇಳಿಸಿದರೆ ಇಬ್ಬರೂ ಸಮ ಆಗುತ್ತಾರೆ, ಪ್ಲೇಆಫ್ ಆಗುತ್ತದೆ, ಹಾಗೆ ಬರೆಯೋಣವೇ ಅಂತ ಒಂದು ಕ್ಷಣ ಆಸೆಯೂ ಆಯಿತು. ಬೇಡ ಅನ್ನಿಸಿತು. ಎರಡೇ ಇರಲಿ. ಗಾಲ್ಫ್‌ನಲ್ಲಿ ಮಾಮೂಲಿ ದಂಡ ಎರಡೇ ತಾನೇ. ರಾಲ್ಸ್ ಅವರಿಂದ ಏನನ್ನೂ ಕಿತ್ತುಕೊಳ್ಳುವುದು ಬೇಡ. ಅವರು ಒಂದು ಹೊಡೆತದಿಂದ ಗೆದ್ದರು, ಪಂಗ್ ಎರಡನೆಯವರಾಗಿ ಬಂದರು ಅನ್ನುವ ಸಾಲು, ಆರು ಹೊಡೆತದ ಈಗಿನ ಸಾಲಿಗಿಂತ ಅವತ್ತಿನ ಪಂದ್ಯಕ್ಕೆ ಎಷ್ಟೋ ಹತ್ತಿರ ಇದೆ.

ಹೊಸ ನಿಯಮವನ್ನು ಹಿಂದಿನ ಕಾಲಕ್ಕೆ ಹಚ್ಚಲು ಬರುವುದಿಲ್ಲ ಅಂತ ನನಗೂ ಗೊತ್ತು. ಅದಕ್ಕೆ ನನ್ನ ಎರಡನೆಯ ಕೋರಿಕೆ ಇನ್ನೂ ಚಿಕ್ಕದು. ಟ್ರೋಫಿ ಬೇಡ, ಸ್ಥಾನವೂ ಬೇಡ. 1957ರ ಫಲಿತಾಂಶ ನೀವು ಎಲ್ಲೆಲ್ಲಿ ಅಚ್ಚು ಹಾಕುತ್ತೀರೋ ಅಲ್ಲೆಲ್ಲ ರಾಲ್ಸ್ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿ. ಜಾಕಿ ಪಂಗ್, ಹವಾಯಿ, ಆಡಿದ ಹೊಡೆತ 298, ನಾಲ್ಕನೇ ಹೋಲಿನ ಅಂಕಿ ತಪ್ಪಿದ್ದರಿಂದ ಅನರ್ಹ. ಅಷ್ಟೇ. ತಪ್ಪು ಅಂಕಿಯೂ ಕಾಣಲಿ, ಸರಿ ಅಂಕಿಯೂ ಕಾಣಲಿ. ನಮ್ಮ ಲೆಡ್ಜರ್‌ನಲ್ಲಿ ಹಾಗೇ ಮಾಡುತ್ತಿದ್ದೆವು. ಬೆಟ್ಟಿ ಜೇಮ್ಸನ್ ಹೆಸರನ್ನೂ ಸೇರಿಸಿ, ಆ ದಿನ ಅವರೂ ಪಾಪ ಸುಮ್ಮನೆ ಮಾಯವಾದರು.

ಇದಕ್ಕೆ ಯಾವ ಸಭೆಯ ಒಪ್ಪಿಗೆಯೂ ಬೇಕಾಗಲಾರದು. ಒಬ್ಬ ಗುಮಾಸ್ತ ಸಾಕು.

ಅದಿತಿ ಈಗಲೂ ಅಮೆರಿಕದ ಟೂರ್‌ನಲ್ಲಿ ಆಡುತ್ತಾಳೆ. ಅದೇ ಮಹಿಳೆಯರ ಓಪನ್‌ನಲ್ಲೂ ಆಡಿದ್ದಾಳೆ. ಟಿವಿಯಲ್ಲಿ ಆಕೆಯ ಸುತ್ತು ಮುಗಿದ ಕೂಡಲೇ ಮನೆಯವರೆಲ್ಲ ಎದ್ದು ಹೋಗುತ್ತಾರೆ. ನಾನು ಏಳುವುದಿಲ್ಲ. ಕಾರ್ಡ್ ನೋಡಿದೆಯಾ ತಾಯಿ, ನಾಲ್ಕನೇ ಹೋಲ್ ನೋಡಿದೆಯಾ ಅಂತ ಟಿವಿಗೆ ಕೇಳುತ್ತಾ ಕೂತಿರುತ್ತೇನೆ. ತಾತನಿಗೆ ಅರಳುಮರಳು ಅಂತ ಮೊಮ್ಮಗಳು ನಗುತ್ತಾಳೆ.

ಈ ಪತ್ರವನ್ನು ಇಂಗ್ಲಿಷ್‌ಗೆ ಇಳಿಸಿ ನಿಮಗೆ ಕಳಿಸುವ ಕೆಲಸವೂ ಅವಳದ್ದೇ. ಕಳಿಸುವ ಮೊದಲು ನಾನೊಮ್ಮೆ ಅಂಕಿಗಳನ್ನೆಲ್ಲ ನೋಡಿ ಸಹಿ ಹಾಕುತ್ತೇನೆ. ಆದರೂ ನನಗೂ ವಯಸ್ಸಾಯಿತು, ಎಲ್ಲಾದರೂ 6ರ ಜಾಗದಲ್ಲಿ 5 ಉಳಿದಿದ್ದರೆ ಒಂದು ಗೀಟು ಎಳೆದು ತಿದ್ದಿಕೊಳ್ಳಿ. ಪತ್ರವನ್ನು ಮಾತ್ರ ವಾಪಸ್ ಕಳಿಸಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ಗುಮಾಸ್ತ
ಮೈಸೂರು